ನೌಕಾಪಡೆಯಲ್ಲಿದ್ದು ನ್ಯಾಯಾಧೀಶರಾದ ಹಿರಿಯರ ಬದುಕನ್ನು ಬರೆದಿಡುವ ಕ್ರಮ

ಚಿಕ್ಕಬಳ್ಳಾಪುರದ ಬಯಲುಸೀಮೆಯಲ್ಲಿ ಹುಟ್ಟಿ, ಹತ್ತು ವರ್ಷ ನೌಕಾಪಡೆಯಲ್ಲಿ ದುಡಿದು, ಮರಳಿ ಬಂದು ಕಾನೂನು ಓದಿ, ಮುನ್ಸಿಫರಾಗಿ ಸೇರಿ ಜಿಲ್ಲಾ ನ್ಯಾಯಾಧೀಶರಾಗಿ ನಿವೃತ್ತರಾದ ನಮ್ಮ ದೊಡ್ಡಪ್ಪನವರ ಬದುಕನ್ನು ನಾನು ಎರಡು ವರ್ಷ ಕುಳಿತು ಬರೆದಿಟ್ಟೆ. ಅಂಥ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಮೊದಲ ದಿನದಿಂದಲೇ ಒಂದು ನಿಯಮವನ್ನು ಬಿಡದೆ ಪಾಲಿಸಿ: ಅವರು ಕಣ್ಣಾರೆ ಕಂಡದ್ದು, ಇತರರಿಂದ ಕೇಳಿದ್ದು ಮತ್ತು ಕಾಗದಪತ್ರಗಳಲ್ಲಿ ಇರುವುದು, ಈ ಮೂರನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ.

ಮಾತಿಗೆ ಕೂರುವ ಮುನ್ನ ಟ್ರಂಕನ್ನು ತೆರೆಸಿ. ನೌಕಾಪಡೆಯ ಸೇವಾ ಪ್ರಮಾಣಪತ್ರ, ಪದಕಗಳು, ಪಿಂಚಣಿಯ ಕಾಗದ, ನ್ಯಾಯಾಂಗ ಸೇವೆಯ ನೇಮಕಾತಿ ಮತ್ತು ವರ್ಗಾವಣೆಯ ಆದೇಶಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡರೆ ಬದುಕಿನ ಬೆನ್ನೆಲುಬು ಸಿಕ್ಕಂತಾಗುತ್ತದೆ. ಹಳೆಯ ದಾಖಲೆಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹೆಸರನ್ನು ಹುಡುಕಬೇಡಿ. 2007ರವರೆಗೆ ಅದು ಕೋಲಾರ ಜಿಲ್ಲೆಯ ಭಾಗವಾಗಿತ್ತು, 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರು ಮೈಸೂರು ಎಂದಿತ್ತು. ನಾವಿಕರಾಗಿದ್ದವರ ಕಾಗದಗಳು ಕಳೆದುಹೋಗಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಅವರ ಸೇವಾ ಸಂಖ್ಯೆಯನ್ನು ನಮೂದಿಸಿ ಮುಂಬೈನ ಮಾನ್‌ಖುರ್ದ್‌ನಲ್ಲಿರುವ ನಾವಿಕರ ದಾಖಲೆ ಕಚೇರಿಗೆ ಪತ್ರ ಬರೆಯಬಹುದು.

ಈ ಬೇರ್ಪಡಿಕೆ ಏಕೆ ಬೇಕೆಂಬುದು ನನಗೆ 1971ರ ಯುದ್ಧದ ಅಧ್ಯಾಯದಲ್ಲಿ ತಿಳಿಯಿತು. ಡಿಸೆಂಬರ್ 4ರ ರಾತ್ರಿ ಕರಾಚಿ ಬಂದರು ಹೊತ್ತಿ ಉರಿದ ಸಂಗತಿಯನ್ನು ದೊಡ್ಡಪ್ಪ ಎಷ್ಟು ವಿವರವಾಗಿ ಹೇಳುತ್ತಿದ್ದರೆಂದರೆ, ಅವರು ಅಲ್ಲಿಯೇ ಇದ್ದರೆಂದು ಇಡೀ ಮನೆ ನಂಬಿತ್ತು. ಆದರೆ ಟ್ರಂಕಿನಲ್ಲಿ ಇದ್ದದ್ದು ಪೂರ್ವ ರಣಾಂಗಣದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟ ಪೂರ್ವಿ ಸ್ಟಾರ್ ಪದಕ. ಸೇವಾ ಪತ್ರದಲ್ಲಿದ್ದ ಹಡಗು ವಿಕ್ರಾಂತ್. ಅದು ಆ ದಿನಗಳಲ್ಲಿ ಬಂಗಾಳ ಕೊಲ್ಲಿಯಲ್ಲಿತ್ತು, ಅದರ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ನಡೆಸಿದ್ದವು. ಪದಕವನ್ನು ಅವರ ಮುಂದಿಟ್ಟು, ತಪ್ಪು ಹಿಡಿದ ದನಿಯಿಲ್ಲದೆ, "ದೊಡ್ಡಪ್ಪ, ಆ ರಾತ್ರಿ ನೀವು ಎಲ್ಲಿ ನಿಂತಿದ್ದಿರಿ?" ಎಂದಷ್ಟೇ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಕರಾಚಿಯ ಸುದ್ದಿ ನಾವು ಕೇಳಿದ್ದು ಮಾತ್ರ. ಕೇಳಿದ ಮಾತು ಸಾಕ್ಷ್ಯವಲ್ಲ, ಹೊಡೆದುಹಾಕು" ಎಂದರು. ನಾನು ಹೊಡೆದುಹಾಕಲಿಲ್ಲ, ಕೇಳಿದ್ದು ಎಂಬ ಭಾಗಕ್ಕೆ ಸರಿಸಿದೆ. ಅಷ್ಟು ದೂರದ ಸುದ್ದಿ ಒಬ್ಬ ನಾವಿಕನ ನೆನಪಿನಲ್ಲಿ ಕಂಡ ದೃಶ್ಯವಾಗಿ ನಿಂತಿತೆಂಬುದೂ ಬದುಕಿನ ಸತ್ಯವೇ ಎಂದು ನನ್ನ ಅಭಿಪ್ರಾಯ.

ಪ್ರಶ್ನೆಗಳು ಚಿಕ್ಕವಾಗಿರಲಿ. "ಯುದ್ಧ ಹೇಗಿತ್ತು?" ಎಂದರೆ ಪತ್ರಿಕೆಯಲ್ಲಿ ಬಂದಷ್ಟೇ ಉತ್ತರ ಬರುತ್ತದೆ. ಹಡಗಿನಲ್ಲಿ ನಾಲ್ಕು ಗಂಟೆಗೊಂದು ಕಾವಲು ಪಾಳಿ ಇರುತ್ತದೆ. ಅದೇ ಜನರಿಗೆ ದಿನವೂ ಅದೇ ವೇಳೆ ಬಾರದಿರಲೆಂದು ಸಂಜೆಯ 4ರಿಂದ 8ರವರೆಗಿನ ಪಾಳಿಯನ್ನು ಎರಡೆರಡು ಗಂಟೆಗಳಾಗಿ ಒಡೆಯುತ್ತಾರೆ. ನಡುರಾತ್ರಿ 12ರಿಂದ 4ರ ಪಾಳಿಯಲ್ಲಿ ನಿದ್ದೆಯನ್ನು ಹೇಗೆ ತಡೆದಿರಿ, ಊರಿನ ಪತ್ರ ಎಷ್ಟು ದಿನಕ್ಕೆ ತಲುಪುತ್ತಿತ್ತು, ಮುದ್ದೆಯ ನೆನಪು ಯಾವಾಗ ಬರುತ್ತಿತ್ತು ಎಂದು ಕೇಳಿ ನೋಡಿ. ಪುಟಗಟ್ಟಲೆ ಮಾತು ಬರುತ್ತದೆ. ಒಂದು ಬಾರಿಗೆ ಒಂದು ಗಂಟೆ ಸಾಕು, ಬೆಳಗಿನ ಹೊತ್ತು ಒಳ್ಳೆಯದು.

ನ್ಯಾಯಾಲಯದ ಭಾಗಕ್ಕೆ ಬಂದಾಗ ಅವರ ಮೌನವನ್ನು ಗೌರವಿಸಿ. ತೀರ್ಪು ಕೊಟ್ಟ ನ್ಯಾಯಾಧೀಶರು ಅದನ್ನು ಮತ್ತೆ ಸಮರ್ಥಿಸಿಕೊಳ್ಳಲು ಒಪ್ಪುವುದಿಲ್ಲ, ಒಪ್ಪಿಸಲು ಯತ್ನಿಸಲೂ ಬಾರದು. ತೀರ್ಪು ಬೇಕೆನಿಸಿದರೆ ಆಯಾ ನ್ಯಾಯಾಲಯದಿಂದ ದೃಢೀಕೃತ ನಕಲು ಪಡೆಯಲು ಅರ್ಜಿ ಹಾಕಿ. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಹಾಗೂ ಪ್ರಕರಣಗಳಲ್ಲಿ ಬರುವ ಮಕ್ಕಳ ಗುರುತನ್ನು ಪ್ರಕಟಿಸುವುದು ಕಾನೂನಿನ ಪ್ರಕಾರ ಅಪರಾಧ. ಪಾಲು ವಿಭಾಗದ ದಾವೆ ಹೂಡಿದ ಅಣ್ಣತಮ್ಮಂದಿರ ಹೆಸರನ್ನೂ ಬಿಡುವುದು ಲೇಸು, ಏಕೆಂದರೆ ಆ ಮನೆಗಳವರು ಇಂದಿಗೂ ನಮ್ಮ ಸಂತೆಯಲ್ಲಿ ಎದುರಾಗುತ್ತಾರೆ. ಇದರ ಬದಲು ದಿನಚರಿಯನ್ನು ಕೇಳಿ: ಶಿರಸ್ತೇದಾರರು ಕಡತ ತರುತ್ತಿದ್ದ ಬಗೆ, ತೆಲುಗಿನಲ್ಲಿ ಸಾಕ್ಷಿ ಹೇಳಿದ ಅಜ್ಜಿಯ ಮಾತನ್ನು ಕನ್ನಡದಲ್ಲಿ ದಾಖಲಿಸಿದ ಬಗೆ, ಮೂರು ವರ್ಷಕ್ಕೊಮ್ಮೆ ಮನೆ ಕಟ್ಟಿಕೊಂಡು ಹೊರಡುತ್ತಿದ್ದ ದೊಡ್ಡಮ್ಮನ ಪಾಡು. ದೊಡ್ಡಮ್ಮನವರನ್ನೇ ಪ್ರತ್ಯೇಕವಾಗಿ ಕೂರಿಸಿ ಕೇಳಿದರೆ ಇನ್ನೂ ಉತ್ತಮ.

ಪ್ರತಿ ಅಧ್ಯಾಯ ಮುಗಿದಾಗ ಅದನ್ನು ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ, ತಿದ್ದಿದ್ದನ್ನು ತಿದ್ದಿ, ಪುಟದ ಕೊನೆಯಲ್ಲಿ ಅವರ ಸಹಿ ಪಡೆಯಿರಿ. ನಮ್ಮ ನ್ಯಾಯಾಲಯಗಳಲ್ಲಿ ಸಾಕ್ಷಿಯ ಹೇಳಿಕೆಯ ಕೆಳಗೆ, ಓದಿ ಹೇಳಿ ಕೇಳಲಾಯಿತು ಎಂಬುದನ್ನು ಚುಟುಕಾಗಿಸಿ "ಓ.ಹೇ.ಕೇ. ಸರಿ ಇದೆ" ಎಂದು ಬರೆಯುವ ವಾಡಿಕೆಯಿದೆ. ದೊಡ್ಡಪ್ಪ ನನ್ನ ಹಸ್ತಪ್ರತಿಯ ಪ್ರತಿ ಪುಟದಲ್ಲೂ ಆ ಸಾಲನ್ನು ತಮ್ಮ ಕೈಯಾರೆ ಬರೆದು ಸಹಿ ಹಾಕಿದ್ದಾರೆ.