ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಚಿಪ್ಪಿಗೆ ಪಲ್ಸಾರ್ ಹುಡುಕುವ ಕೆಲಸ

ಮಂಡ್ಯದ ನನ್ನ ಡಿಟಿಪಿ ಅಂಗಡಿಯಲ್ಲಿರುವುದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಕಂಪ್ಯೂಟರ್. ಪಹಣಿ ತಿದ್ದುಪಡಿ ಅರ್ಜಿ, ಮದುವೆ ಕರೆಯೋಲೆ ಟೈಪಿಸುವಾಗ ಅದರ ಇಂಟೆಲ್ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಚಿಪ್ಪಿಗೆ ಹೆಚ್ಚು ಕೆಲಸವಿರುವುದಿಲ್ಲ. ಅದನ್ನು ಸ್ವಯಂಸೇವಕರ ಕಂಪ್ಯೂಟರ್‌ಗಳಿಂದ ಖಗೋಳ ದತ್ತಾಂಶ ಜಾಲಾಡಿಸುವ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಗೆ ಹಚ್ಚಿದ್ದೇನೆ. 2010ರಲ್ಲಿ ಸ್ವಯಂಸೇವಕರ ಕಂಪ್ಯೂಟರ್‌ಗಳು ಅರೆಸಿಬೊ ರೇಡಿಯೊ ದೂರದರ್ಶಕದ ದತ್ತಾಂಶದಿಂದ ಹೊಸ ಪಲ್ಸಾರ್ (ವೇಗವಾಗಿ ತಿರುಗುತ್ತ ಲಯಬದ್ಧ ಮಿಡಿತ ಕಳಿಸುವ ಮಡಿದ ನಕ್ಷತ್ರ) ಹೆಕ್ಕಿಕೊಟ್ಟದ್ದು ಇದೇ ಯೋಜನೆಯಲ್ಲಿ.

ಇಂಥ ಯೋಜನೆಗಳ ಕೆಲಸ ತಂದು ಓಡಿಸುವ ಬೊಯಿಂಕ್ ತಂತ್ರಾಂಶ ಹಾಕಿಕೊಂಡು ಯೋಜನೆಗೆ ಸೇರಿ, ಖಾತೆಯ ಆದ್ಯತೆಗಳಲ್ಲಿ ಇಂಟೆಲ್ ಜಿಪಿಯು (ಅಂದರೆ ಇದೇ ಗ್ರಾಫಿಕ್ಸ್ ಚಿಪ್ಪು) ಬಳಕೆಗೆ ಒಪ್ಪಿಗೆ ಕೊಡಿ. ಬಳಿಕ ಬೊಯಿಂಕ್‌ನ ಈವೆಂಟ್ ಲಾಗ್ (ನಡೆದದ್ದರ ದಾಖಲೆ) ತೆರೆದು ಆರಂಭದ ಸಾಲುಗಳನ್ನು ಓದಿ. ‘ಓಪನ್‌ಸಿಎಲ್’ (ಗ್ರಾಫಿಕ್ಸ್ ಚಿಪ್ಪಿನಿಂದ ಲೆಕ್ಕ ಮಾಡಿಸುವ ವ್ಯವಸ್ಥೆ) ಎಂಬುದರ ಮುಂದೆ ಚಿಪ್ಪಿನ ಹೆಸರು ಕಾಣಬೇಕು. ಕಾಣದಿದ್ದರೆ ಬಹುಪಾಲು ಚಿಪ್ಪನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ನದೇ ತಕರಾರು. ತಯಾರಕರ ಹೊಸ ಡ್ರೈವರ್ ಹಾಕಿ. ಲಿನಕ್ಸ್‌ ಆದರೆ ಓಪನ್‌ಸಿಎಲ್ ಪ್ಯಾಕೇಜನ್ನು ಬೇರೆಯಾಗಿ ಹಾಕಿ, ಬೊಯಿಂಕ್ ಓಡುವ ಬಳಕೆದಾರ ಖಾತೆಯನ್ನು, ಚಿಪ್ಪು ಬಳಸಲು ಅನುಮತಿಯಿರುವ ‘ರೆಂಡರ್’ ಗುಂಪಿಗೆ ಸೇರಿಸಬೇಕಾಗಬಹುದು.

ಈ ಚಿಪ್ಪಿಗೆ ಸ್ವಂತ ಮೆಮೊರಿ ಇಲ್ಲ. ರ‍್ಯಾಮ್, ವಿದ್ಯುತ್, ಶಾಖದ ಮಿತಿ ಎಲ್ಲವೂ ಸಿಪಿಯು (ಪ್ರೊಸೆಸರ್‌ನ ಮುಖ್ಯ ಲೆಕ್ಕ ಭಾಗ) ಜೊತೆ ಹಂಚಿಕೆ. ಸಿಪಿಯುವಿನ ಎಲ್ಲ ಕೋರ್‌ಗಳನ್ನೂ (ಪ್ರತ್ಯೇಕವಾಗಿ ಲೆಕ್ಕ ಮಾಡುವ ಘಟಕಗಳು) ದುಡಿಸಿದರೆ ಚಿಪ್ಪಿಗೆ ದತ್ತಾಂಶ ಬಡಿಸುವವರೇ ಇರುವುದಿಲ್ಲ. ನಾಲ್ಕು ಕೋರ್ ಇದ್ದರೆ ಸಿಪಿಯು ಬಳಕೆಯನ್ನು ಶೇ 75ಕ್ಕೆ ಇಳಿಸಿ, ಒಂದನ್ನು ಬಿಡುವಾಗಿಡಿ. ಗಿರಾಕಿ ಎದುರು ಕುಳಿತಾಗ ಪರದೆ ತಡವರಿಸಿದರೆ ಮರ್ಯಾದೆ ಹೋಗುತ್ತದೆ, ಹಾಗಾಗಿ ಕಂಪ್ಯೂಟರ್ ಬಳಕೆಯಲ್ಲಿರುವಾಗ ಜಿಪಿಯು ಲೆಕ್ಕಾಚಾರ ನಿಲ್ಲಿಸುವ ಆಯ್ಕೆಗೆ ಗುರುತು ಹಾಕಿ.

ಕರೆಂಟು ಹೋದರೆ ಗಾಬರಿ ಬೇಡ, ಕೆಲಸ ಕೊನೆಯ ಚೆಕ್‌ಪಾಯಿಂಟ್‌ನಿಂದ (ಪ್ರಗತಿ ಉಳಿಸಿಟ್ಟ ಹಂತ) ಮುಂದುವರಿಯುತ್ತದೆ. ಏಪ್ರಿಲ್ ಸೆಕೆಯಲ್ಲಿ ನಾನು ರಾತ್ರಿಯ ವೇಳೆಯನ್ನಷ್ಟೇ ಕೊಡುತ್ತೇನೆ. ತೆಳುವಾದ ಲ್ಯಾಪ್‌ಟಾಪ್‌ನಲ್ಲಿ ಹಗಲಿರುಳು ಓಡಿಸುವುದಕ್ಕಂತೂ ನನ್ನ ಒಪ್ಪಿಗೆ ಇಲ್ಲ.