ಸ್ವಾಪ್ ಮೀಟ್‌ನಲ್ಲಿ ಕೋಳಿ ಕೊಳ್ಳುವುದು ಹೇಗೆ?

ಅಮೆರಿಕದ ಸಣ್ಣ ಊರುಗಳಲ್ಲಿ ಚಳಿ ಕಳೆಯುತ್ತಿದ್ದಂತೆ ಸ್ವಾಪ್ ಮೀಟ್‌ಗಳು, ಅಂದರೆ ಕೋಳಿ ಸಂತೆಗಳು, ಶುರುವಾಗುತ್ತವೆ. ಪಶು ಆಹಾರದ ಅಂಗಡಿ ಮುಂದೆಯೋ ಜಾತ್ರೆ ಮೈದಾನದಲ್ಲೋ ಜನ ಬೆಳಿಗ್ಗೆಯೇ ಬಂದು ಪಂಜರ ಇಳಿಸುತ್ತಾರೆ. ಮಾರಾಟವೂ ಉಂಟು, ಅದಲುಬದಲೂ ಉಂಟು. ಹತ್ತಾರು ಮನೆಗಳ ಹಕ್ಕಿಗಳು ಒಂದೇ ಕಡೆ ಸೇರುವುದರಿಂದ ರೋಗ ಹರಡುವುದೂ ಅಲ್ಲಿ ಸುಲಭ. ಅಲ್ಲಿ ನೆಲೆಸಿ, ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಲು ಹೊರಟವರಿಗಾಗಿ ಈ ಲೇಖನ.

ಹೊರಡುವ ಮೊದಲು

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಿಮ್ಮ ರಾಜ್ಯದ ಕೃಷಿ ಇಲಾಖೆಗೆ ಒಂದು ಫೋನ್ ಮಾಡಿ, ಕೋಳಿ ಮಾರಲು ಯಾವ ಕಾಗದ ಬೇಕು ಎಂದು ಕೇಳಿ. ಹಕ್ಕಿಜ್ವರದ ಕಾರಣ ಮಾರಾಟಕ್ಕೆ ತಡೆ ಇದೆಯೇ ಎಂದೂ ಕೇಳಿ. 2022ರ ಫೆಬ್ರುವರಿಯಲ್ಲಿ ಇಂಡಿಯಾನಾ ರಾಜ್ಯದ ಟರ್ಕಿ ಕೋಳಿ ಫಾರ್ಮ್ ಒಂದರಲ್ಲಿ ಎಚ್5ಎನ್1 ಹಕ್ಕಿಜ್ವರ ಕಾಣಿಸಿಕೊಂಡ ಮೇಲೆ, ಹಲವು ರಾಜ್ಯಗಳು ಆಗಾಗ ಇಂಥ ಮಾರಾಟವನ್ನೇ ನಿಲ್ಲಿಸಿವೆ. ಹುಂಜ ಸಾಕಲು ಎಷ್ಟೋ ನಗರಗಳು ಬಿಡುವುದಿಲ್ಲ. ಅದನ್ನೂ ಮೊದಲೇ ತಿಳಿದುಕೊಳ್ಳಿ.

ಕಾಗದ ಓದಿ

ಮಾರುವವರ ಬಳಿ ಎನ್‌ಪಿಐಪಿ ಕಾಗದ ಇದೆಯೇ ಎಂದು ಕೇಳಿ. ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆ ಎಂದು ಅದರ ಅರ್ಥ, ಕೋಳಿಗಳ ರೋಗ ಪರೀಕ್ಷೆ ಆಗಿದೆ ಎಂಬುದಕ್ಕೆ ಈ ಕಾಗದ ಸಾಕ್ಷಿ. ಈ ಯೋಜನೆ ಶುರುವಾಗಿದ್ದು 1935ರಲ್ಲಿ. ಆಗ ಪುಲ್ಲೋರಮ್ ಎಂಬ ಬಿಳಿ ಭೇದಿ ರೋಗ ಮರಿಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿತ್ತು. ಅದು ತಾಯಿಕೋಳಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುತ್ತದೆ. ತಾಯಿ ಮಾತ್ರ ಗಟ್ಟಿಮುಟ್ಟಾಗಿಯೇ ಕಾಣಬಹುದು. ಹಾಗಾಗಿ ರಕ್ತ ಪರೀಕ್ಷೆ ಬಿಟ್ಟರೆ ದಾರಿಯಿಲ್ಲ.

ಪರೀಕ್ಷೆ ಸರಳ. ನಾಲ್ಕು ತಿಂಗಳು ದಾಟಿದ ಕೋಳಿಯ ರೆಕ್ಕೆಯಡಿ ರಕ್ತನಾಳ ಚುಚ್ಚಿ ಒಂದು ಹನಿ ತೆಗೆಯುತ್ತಾರೆ. ಗಾಜಿನ ಮೇಲೆ ಅದನ್ನು ನೇರಳೆ ಬಣ್ಣದ ಆಂಟಿಜನ್ ಎಂಬ ಪರೀಕ್ಷಾ ದ್ರವದ ಜೊತೆ ಕಲಸಿ, ಗಾಜನ್ನು ನಿಧಾನಕ್ಕೆ ಆಡಿಸುತ್ತಾರೆ. ಎರಡು ನಿಮಿಷದೊಳಗೆ ಮಿಶ್ರಣ ಸಣ್ಣ ಸಣ್ಣ ಗಂಟುಗಳಾಗಿ ಒಡೆದರೆ ರೋಗದ ಅನುಮಾನ. ಆಮೇಲೆ ಲ್ಯಾಬ್‌ನಲ್ಲಿ ಖಚಿತ ಮಾಡಿಕೊಳ್ಳುತ್ತಾರೆ. ಬೇರೆ ಕೆಲವು ಸೋಂಕುಗಳಿಗೂ ಹೀಗೆ ಗಂಟು ಕಟ್ಟುವುದುಂಟು. ಟರ್ಕಿ ಕೋಳಿಗೆ ಈ ಗಾಜಿನ ಪರೀಕ್ಷೆ ಆಗುವುದಿಲ್ಲ, ಬೇರೆ ವಿಧಾನ ಬೇಕು.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಈ ಪರೀಕ್ಷೆ ಹೇಳುವುದು ಪುಲ್ಲೋರಮ್ ಮತ್ತು ಕೋಳಿ ಟೈಫಾಯ್ಡ್ ಬಗ್ಗೆ ಮಾತ್ರ. ಮೈಕೋಪ್ಲಾಸ್ಮಾ ಎಂಬ ಶೀತರೋಗಕ್ಕೆ ಬೇರೆ ಪರೀಕ್ಷೆ ಮಾಡಿಸಿರದಿದ್ದರೆ ಕಾಗದ ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಒಮ್ಮೆ ಬಂದರೆ ಔಷಧಿಯಿಂದ ಸೀನು ನಿಲ್ಲಬಹುದು, ಆದರೆ ಕೋಳಿ ಜೀವಮಾನವಿಡೀ ಸೋಂಕು ಹೊತ್ತೇ ಇರುತ್ತದೆ. ಮಾರೆಕ್ಸ್ ಎಂಬ ವೈರಸ್ ರೋಗದ ಲಸಿಕೆಯನ್ನು ಸಾಮಾನ್ಯವಾಗಿ ಮರಿ ಮೊಟ್ಟೆಯೊಡೆದ ದಿನವೇ ಹಾಕುತ್ತಾರೆ. ಹಾಕಿಸಿದ್ದೀರಾ ಎಂದು ಕೇಳಿ.

ಕೋಳಿ ನೋಡಿ

ಮೊದಲು ದೂರ ನಿಂತು ಇಡೀ ಪಂಜರ ನೋಡಿ. ಮುಟ್ಟುವ ಆತುರ ಬೇಡ. ಒಂದು ಕೋಳಿ ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ಮೂಲೆಯಲ್ಲಿ ಕೂತಿದ್ದರೆ ಆ ಪಂಜರದ ಯಾವುದನ್ನೂ ಕೊಳ್ಳಬೇಡಿ. ಎಷ್ಟು ಅಗ್ಗವಾದರೂ ಸರಿ.

ಆಮೇಲೆ ಕೈಗೆತ್ತಿಕೊಳ್ಳಿ. ಕಣ್ಣಲ್ಲಿ ನೊರೆ, ಮೂಗಲ್ಲಿ ಸಿಂಬಳ, ಉಸಿರಲ್ಲಿ ಗೊರಗೊರ ಇರಬಾರದು. ಮುಖದಿಂದ ಕೆಟ್ಟ ವಾಸನೆ ಬಂದರೆ ಕೊರೈಜಾ ಎಂಬ ನೆಗಡಿ ರೋಗ ಇರಬಹುದು. ಎದೆಮೂಳೆ ಸವರಿ ನೋಡಿ, ಕತ್ತಿಯಂತೆ ಚೂಪಾಗಿದ್ದರೆ ಕೋಳಿ ಸೊರಗಿದೆ. ಹಿಂಭಾಗದ ಪುಕ್ಕ ಬಿಡಿಸಿ ಹೇನು, ನುಸಿ ಹುಡುಕಿ. ಕಾಲಿನ ಪೊರೆಗಳು ಎದ್ದಿದ್ದರೆ ಅಲ್ಲೂ ನುಸಿ ಇದೆ. ಮೊಟ್ಟೆಯಿಡುವ ಹೇಂಟೆ ಬೇಕಾದರೆ ಗುದದ ಎರಡೂ ಬದಿಯ ಮೂಳೆಗಳ ನಡುವೆ ಎರಡು ಮೂರು ಬೆರಳಷ್ಟು ಜಾಗ ಸಿಗಬೇಕು. ಮರಿಗಳ ಡಬ್ಬದ ಮೇಲೆ 'ಸ್ಟ್ರೇಟ್ ರನ್' ಎಂದಿದ್ದರೆ ಹೆಣ್ಣು ಗಂಡು ಬೇರೆ ಮಾಡಿಲ್ಲ ಎಂದರ್ಥ. ಹೆಚ್ಚುಕಡಿಮೆ ಅರ್ಧ ಹುಂಜಗಳೇ ಆಗುತ್ತವೆ.

ನೀವೇ ಮಾರುವುದಾದರೆ

ಪರೀಕ್ಷೆ ಮುಗಿಸಿ, ತೊಳೆದ ಪಂಜರದಲ್ಲಿ ತನ್ನಿ. ಅಂಟಿದ ಹಿಕ್ಕೆ ಉಜ್ಜಿ ತೆಗೆಯದೆ ಸೋಂಕುನಾಶಕ ಸಿಂಪಡಿಸಿದರೆ ಪ್ರಯೋಜನವಿಲ್ಲ. ಕೊಂಡವರ ಹೆಸರು, ವಿಳಾಸ ಬರೆದಿಟ್ಟುಕೊಳ್ಳಿ, ರೋಗ ಕಾಣಿಸಿದರೆ ಹಿಂದಕ್ಕೆ ಹುಡುಕಲು ಅದೇ ಆಧಾರ. ಮಾರಾಟವಾಗದೆ ಉಳಿದ ಕೋಳಿಯನ್ನು ಸೀದಾ ಹಳೇ ಗೂಡಿಗೆ ಬಿಡಬೇಡಿ. ಅದೂ ಸಂತೆ ಸುತ್ತಿ ಬಂದದ್ದೇ ಅಲ್ವಾ?

ಮನೆಗೆ ತಂದ ಮೇಲೆ

ಹೊಸ ಕೋಳಿಯನ್ನು 30 ದಿನ ಬೇರೆಯೇ ಇಡಿ. ನನ್ನ ಪ್ರಕಾರ ಎಲ್ಲ ಕಾಗದಗಳಿಗಿಂತ ಇದೇ ದೊಡ್ಡ ಪರೀಕ್ಷೆ. ಅಡಗಿದ್ದ ಕಾಯಿಲೆ ಪ್ರಯಾಣದ ಸುಸ್ತಿನಿಂದ ಈ ದಿನಗಳಲ್ಲೇ ಹೊರಬರುವುದು ಹೆಚ್ಚು. ದಿನವೂ ಹಳೇ ಕೋಳಿಗಳಿಗೆ ಮೊದಲು ಮೇವು ನೀರು ಕೊಡಿ, ಹೊಸವಕ್ಕೆ ಆಮೇಲೆ. ಚಪ್ಪಲಿ, ಬಕೆಟ್ ಬೇರೆ ಇರಲಿ. ಕೋಳಿ ಮುಟ್ಟಿದ ಕೈ ಸೋಪಿನಿಂದ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಮರಿ ಕೊಡಬೇಡಿ, ಕೋಳಿಯಿಂದ ಹರಡುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅವರನ್ನು ಬೇಗ ಕೆಡವುತ್ತದೆ.

ಕೋಳಿ ಇದ್ದಕ್ಕಿದ್ದಂತೆ ಸತ್ತರೆ ಹೂಳಬೇಡಿ. ಗ್ಲೌಸ್ ಹಾಕಿ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಣ್ಣಗಿಟ್ಟು, ರಾಜ್ಯದ ಪಶುರೋಗ ಲ್ಯಾಬ್‌ಗೆ ಫೋನ್ ಮಾಡಿ. ಊಟದ ಪದಾರ್ಥ ಇಡುವ ಫ್ರಿಜ್ ಬೇಡ, ಐಸ್ ತುಂಬಿದ ಡಬ್ಬ ಸಾಕು. ಫ್ರೀಜರ್‌ನಲ್ಲಂತೂ ಇಡಬೇಡಿ. ಹೆಪ್ಪುಗಟ್ಟಿದರೆ ಒಳಗಿನ ಅಂಗಾಂಶ ಕೆಡುತ್ತದೆ, ಸಾವಿನ ಕಾರಣ ಹುಡುಕುವುದು ಕಷ್ಟವಾಗುತ್ತದೆ.