ಲಾನ್ ತೆಗೆದು ಕಲ್ಲು ಹಾಸುವವರಿಗೆ: ಅಸಲು ಕೆಲಸ ಇರುವುದು ಮಣ್ಣಿನಲ್ಲಿ

ಮನೆ ಮುಂದಿನ ಮೆಕ್ಸಿಕನ್ ಹುಲ್ಲಿಗೆ ಬೇಸಿಗೆಯಲ್ಲಿ ದಿನ ಬಿಟ್ಟು ದಿನವಾದರೂ ನೀರು ಹಾಯಿಸಬೇಕು. 20×15 ಅಡಿಯ ಲಾನಿಗೆ ಒಂದು ಸಲಕ್ಕೆ 5 ಮಿಲಿಮೀಟರ್ ನೀರು ಎಂದರೂ ಸುಮಾರು 140 ಲೀಟರ್ ಆಯಿತು. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದಾಗ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಹುಲ್ಲಿನ ಬದಲು ಕಲ್ಲು ಹಾಸುವ ಯೋಚನೆ ಒಳ್ಳೆಯದೇ. ಆದರೆ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಳಿ ಕಲ್ಲು ಸುರಿದುಬಿಟ್ಟರೆ ಎರಡನೇ ಮಳೆಗಾಲಕ್ಕೆ ಕಲ್ಲಿನ ಸಂದಿಯಲ್ಲಿ ಜೇಕು ಎದ್ದಿರುತ್ತದೆ, ಮಳೆ ನೀರು ಪಾಯದ ಕಡೆಗೆ ತಿರುಗಿರುತ್ತದೆ. ಕೆಳಗಿನ ಲೆಕ್ಕವೆಲ್ಲ ಅದೇ 300 ಚದರ ಅಡಿಗೆ. ನಿಮ್ಮ ಅಂಗಳದ ಅಳತೆಗೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿಕೊಳ್ಳಿ.

ಫೆಬ್ರವರಿ ಕೊನೆಗೆ ಶುರು ಮಾಡುವುದು ವಾಸಿ. ಅಗೆದು ಮಟ್ಟ ಮಾಡಿದ ಮೇಲೆ ಏಪ್ರಿಲ್‌ನ ಒಂದು ಒಳ್ಳೆಯ ಮಳೆ ಬೀಳಲಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊರೆಯುತ್ತದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಮಳೆ ಬಿಟ್ಟು ಒಂದು ಗಂಟೆಯಾದರೂ ಎಲ್ಲಾದರೂ ನೀರು ನಿಂತಿದ್ದರೆ ಅಲ್ಲಿಗೆ ಮಣ್ಣು ತುಂಬಿ. ಕಲ್ಲು ಬಿದ್ದ ಮೇಲೆ ಇದನ್ನು ಸರಿ ಮಾಡಬೇಕಾದರೆ ಎರಡು ಟನ್ ಎತ್ತಬೇಕು.

ಹುಲ್ಲು ತೆಗೆಯುವುದು

ಮೆಕ್ಸಿಕನ್ ಹುಲ್ಲಿನ ಬೇರು ಮೇಲಿನ ಎರಡು ಮೂರು ಇಂಚಿನಲ್ಲೇ ಇರುತ್ತದೆ. ಹಿಂದಿನ ದಿನ ನೆಲ ಹದವಾಗಿ ನೆನೆಸಿ, ಗುದ್ದಲಿಯಿಂದ ಒಂದಡಿ ಅಗಲದ ಪಟ್ಟಿಗಳಾಗಿ ಕಡಿದರೆ ಚಾಪೆ ಸುತ್ತಿದಂತೆ ಎದ್ದು ಬರುತ್ತದೆ. ಕಷ್ಟ ಕೊಡುವುದು ಗರಿಕೆ ಮತ್ತು ಜೇಕು. ಗರಿಕೆಯ ಒಂದು ಗಿಣ್ಣು ಉಳಿದರೂ ಮತ್ತೆ ಹಬ್ಬುತ್ತದೆ. ಜೇಕಿನ ಗಡ್ಡೆಗಳು ಸರಪಣಿಯಂತೆ ಒಂದಕ್ಕೊಂದು ಅಂಟಿಕೊಂಡು ಮುಕ್ಕಾಲು ಅಡಿ ಆಳಕ್ಕೂ ಇಳಿದಿರುತ್ತವೆ. ಮೇಲಿನ ಹುಲ್ಲು ಕಿತ್ತಷ್ಟೂ ಕೆಳಗಿನ ಗಡ್ಡೆ ಚಿಗುರುತ್ತದೆ, ಅದರ ಚೂಪು ಮೊಳಕೆ ಕಲ್ಲಿನಡಿ ಹಾಸುವ ಬಟ್ಟೆಯನ್ನೂ ತೂತು ಮಾಡಿಕೊಂಡು ಮೇಲೇಳುತ್ತದೆ. ಜೇಕು ಕಂಡ ಕಡೆ ಒಂದಡಿ ಆಳ ಅಗೆದು, ಮಣ್ಣು ಜರಡಿ ಹಿಡಿದು ಗಡ್ಡೆ ಆರಿಸಿ. ನೀರು ಹಾಕಿ ಹದಿನೈದು ದಿನ ಬಿಟ್ಟು, ಮತ್ತೆ ಎದ್ದಿದ್ದನ್ನು ಮತ್ತೆ ಅಗೆಯಿರಿ. ಈ ಎರಡನೇ ಸುತ್ತನ್ನು ಬಿಡಲೇಬೇಡಿ. ಒದ್ದೆ ಮಣ್ಣಿಗೆ ಪಾರದರ್ಶಕ ಪಾಲಿಥಿನ್ ಹೊದಿಸಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಟ್ಟರೆ ಕಳೆ ಬೀಜಗಳು ಬೆಂದು ಹೋಗುತ್ತವೆ, ಜೇಕಿನ ಗಡ್ಡೆ ಮಾತ್ರ ಅದಕ್ಕೆ ಜಗ್ಗುವುದಿಲ್ಲ.

ಮೂರು ಇಂಚು ತೆಗೆದರೆ 75 ಘನ ಅಡಿ ಮಣ್ಣು. ಅಗೆದ ಮಣ್ಣು ಉಬ್ಬುವುದರಿಂದ 95 ಘನ ಅಡಿ ಹಿಡಿಯಿರಿ, ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಲೋಡ್. ಬರೀ ಮೆಕ್ಸಿಕನ್ ಹುಲ್ಲಿನ ಹೆಂಟೆಗಳಾದರೆ ಬೋರಲು ಹಾಕಿ ಪೇರಿಸಿ, ಮುಚ್ಚಿಡಿ. ಒಂದು ವರ್ಷದಲ್ಲಿ ಕುಂಡಕ್ಕೆ ಒಳ್ಳೆಯ ಮಣ್ಣು. ಗರಿಕೆ, ಜೇಕು ಬೆರೆತದ್ದನ್ನು ಸಾಗಹಾಕಿ.

ಮಟ್ಟ ಮತ್ತು ನೀರಿನ ದಾರಿ

ಗೋಡೆಯಿಂದ ಗೇಟಿನ ಕಡೆಗೆ ಎಂಟು ಅಡಿಗೆ ಒಂದು ಇಂಚು ಇಳಿಜಾರು ಸಾಕು, ಅಂದರೆ 15 ಅಡಿಗೆ ಎರಡು ಇಂಚು. ಕಣ್ಣಳತೆಯನ್ನು ನಂಬಬೇಡಿ, ಮೇಸ್ತ್ರಿಗಳ ನೀರಿನ ಲೆವೆಲ್ ಪೈಪ್ ಹಿಡಿದು ದಾರ ಕಟ್ಟಿ. ಹಾಸಿ ಮುಗಿದ ಮೇಲೆ ಕಲ್ಲಿನ ಮೇಲ್ಮೈ ಪ್ಲಿಂತ್‌ಗಿಂತ (ಪಾಯದ ಮೇಲಿನ ಮಟ್ಟ) ಕನಿಷ್ಠ ಆರು ಇಂಚು ಕೆಳಗಿರಬೇಕು. ಇಲ್ಲವಾದರೆ ಗೋಡೆ ತೇವ ಹೀರಿ ಒಳಗಿನ ಬಣ್ಣ ಉಬ್ಬುತ್ತದೆ.

ಸಂಪಿನ ಬಾಯಿ, ಯುಜಿಡಿ (ಒಳಚರಂಡಿ) ಚೇಂಬರ್, ನೀರಿನ ಮೀಟರ್ ಇವನ್ನು ಕಲ್ಲಿನಡಿ ಹೂಳಬೇಡಿ. ಸಂಪಿನ ಬಾಯಿಗೆ ನಾಲ್ಕು ಇಂಚಿನ ಕಟ್ಟೆ ಕಟ್ಟಿದರೆ ಮಳೆಯ ಕೆಸರು ನೀರು ಒಳಗೆ ಇಳಿಯುವುದಿಲ್ಲ.

ನೀರನ್ನು ರಸ್ತೆಗೆ ಬಿಡುವ ಬದಲು ಗೇಟಿನ ಬದಿಯ ಕಾಂಪೌಂಡ್ ಪಕ್ಕ ಒಂದಡಿ ಅಗಲ, ಒಂದೂವರೆ ಅಡಿ ಆಳ, 20 ಅಡಿ ಉದ್ದದ ಕಾಲುವೆ ತೋಡಿ 40 ಎಂಎಂ ಜಲ್ಲಿ ತುಂಬಿ. ಜಲ್ಲಿಯ ಸಂದಿಗಳಲ್ಲಿ ಸುಮಾರು 340 ಲೀಟರ್ ನೀರು ನಿಲ್ಲುತ್ತದೆ, ಅಂದರೆ ಈ ಅಂಗಳದ ಮೇಲೆ ಬಿದ್ದ 12 ಮಿಲಿಮೀಟರ್ ಮಳೆ ಪೂರ್ತಿ ಅಲ್ಲೇ ಇಂಗುತ್ತದೆ. ಪಾಯದಿಂದಲೂ ಸಂಪಿನಿಂದಲೂ ಈ ಕಾಲುವೆ ಐದಡಿ ದೂರವಿರಲಿ. ಕಲ್ಲು ಹಾಸುವ ನೆಪದಲ್ಲಿ ಕೆಳಗೆ ಕಾಂಕ್ರೀಟ್ ಹಾಕಿಸುವವರನ್ನು ಕಂಡರೆ ಸಂಕಟವಾಗುತ್ತದೆ. ಮಣ್ಣಿಗೆ ನೀರು ಹೋಗದಂತೆ ಮಾಡುವುದಕ್ಕಿಂತ ಹುಲ್ಲು ಹಾಗೇ ಇರುವುದು ಮೇಲು.

ಅಂಚು, ಬಟ್ಟೆ, ಕಲ್ಲು

ಸುತ್ತ ಸೈಜ್ ಕಲ್ಲು ಅಥವಾ ನಾಲ್ಕು ಇಂಚಿನ ಸಾಲಿಡ್ ಬ್ಲಾಕ್ ಕೂರಿಸಿ. ಅಂಚು ಕಲ್ಲಿನ ಮಟ್ಟಕ್ಕಿಂತ ಒಂದು ಇಂಚು ಮೇಲಿರಲಿ, ನೀರು ಹರಿದುಹೋಗಲು ಐದಡಿಗೊಂದು ಸಣ್ಣ ತೂತು ಬಿಡಿ. ಅಂಚಿಲ್ಲದ ಕಲ್ಲು ಆರು ತಿಂಗಳಲ್ಲಿ ರಸ್ತೆ ಸೇರಿರುತ್ತದೆ.

ನೆಲವನ್ನು ದಮ್ಮಸ್ಸು ಮಾಡಿ, ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅಂದರೆ ನೀರು ಇಳಿಯಬಿಡುವ ಸಿಂಥೆಟಿಕ್ ಹಾಸು. ನಾನ್‌ವೋವನ್ (ನೇಯದ್ದು), 150ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಕೇಳಿ. ಪ್ಲಾಸ್ಟಿಕ್ ಹಾಳೆ, ಹಳೇ ಫ್ಲೆಕ್ಸ್ ಬೇಡ: ನೀರು ಇಳಿಯದೆ ಮೇಲೆ ನಿಂತು ಸೊಳ್ಳೆಗೆ ಮನೆಯಾಗುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. ಒಂದು ಬಟ್ಟೆಯ ಮೇಲೆ ಇನ್ನೊಂದು ಆರು ಇಂಚು ಹಾಯಬೇಕು, ಇಳಿಜಾರಿನ ಮೇಲಿನ ಬದಿಯದು ಮೇಲೆ. ಎರಡೆರಡು ಅಡಿಗೆ ಯು ಆಕಾರದ ಕಬ್ಬಿಣದ ಮೊಳೆ ಹೊಡೆಯಿರಿ. ಹಾಯುವಿಕೆ ಸೇರಿ 340 ಚದರ ಅಡಿ ಬಟ್ಟೆ ಬೇಕಾದೀತು.

ಕಲ್ಲಿನ ಆಯ್ಕೆಯಲ್ಲಿ ಜನ ಬಣ್ಣ ನೋಡುತ್ತಾರೆ, ನೋಡಬೇಕಾದ್ದು ಆಕಾರ. ಮೂಲೆಗಳಿರುವ ಒಡೆದ ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತದೆ, ನಡೆಯಲು ಭದ್ರ. ದುಂಡು ಪೆಬಲ್ ಕಾಲಡಿ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಅದನ್ನು ಗಿಡದ ಸುತ್ತ ಮಾತ್ರ ಹಾಕಿ. ಬಿಳಿ ಕಲ್ಲು ಮಧ್ಯಾಹ್ನ ಕಣ್ಣು ಕುಕ್ಕುತ್ತದೆ, ಪಾಚಿ ಕಟ್ಟಿದರೆ ಒಂದೇ ಮಳೆಗಾಲದಲ್ಲಿ ಮಾಸುತ್ತದೆ. ಬಿಳಿ ಮಾರ್ಬಲ್ ಚೂರು ಸುಣ್ಣದ ಅಂಶ ಬಿಡುವುದರಿಂದ ಕೇಪಳದಂಥ ಗಿಡಗಳ ಎಲೆ ಹಳದಿಯಾಗುತ್ತದೆ. ಬೂದು ಗ್ರಾನೈಟ್‌ನ 20 ಎಂಎಂ ಜಲ್ಲಿಯೇ ನಮ್ಮ ಮೊದಲ ಸಲಹೆ: ಅಗ್ಗ, ಧೂಳು ಎದ್ದು ಕಾಣದು, ಮುಂದೆ ಬೇಕಾದಾಗ ಅದೇ ಬಣ್ಣ ಸಿಗುತ್ತದೆ.

ದಪ್ಪ ಎರಡು ಇಂಚು. ಅಂದರೆ 50 ಘನ ಅಡಿ; ಘನ ಅಡಿಗೆ ಸುಮಾರು 43 ಕೆಜಿಯಂತೆ 2,150 ಕೆಜಿ. ಶೇ. 10 ಹೆಚ್ಚು ತರಿಸಿ. ಚೀಲದ ಪೆಬಲ್ ಆದರೆ 50 ಕೆಜಿಯ 48 ಚೀಲ. ಒಂದೇ ಇಂಚು ಹಾಕಿದರೆ ಬಟ್ಟೆ ಇಣುಕುತ್ತದೆ, ಮೂರು ಇಂಚಾದರೆ ಕಾಲು ಹೂತುಕೊಳ್ಳುತ್ತದೆ. ಜಲ್ಲಿಯನ್ನು ತೂತಿನ ಕ್ರೇಟಿನಲ್ಲಿ ಹಾಕಿ ತೊಳೆದೇ ಹಾಸಿ, ಕ್ರಷರ್ ಧೂಳು ಬಟ್ಟೆಯ ರಂಧ್ರ ಮುಚ್ಚಿಬಿಡುತ್ತದೆ. ಲಾರಿ ಹೊರಗೇ ಸುರಿಯಲಿ, ಬಟ್ಟೆಯ ಮೇಲೆ ಹಲಗೆ ಹಾಕಿ ತಳ್ಳುಗಾಡಿಯಲ್ಲಿ ಒಯ್ಯಿರಿ.

ಕಾರು ನಿಲ್ಲುವ ಜಾಗಕ್ಕೆ ಇದು ಸಾಲದು. ಅಲ್ಲಿ ಬಟ್ಟೆಯ ಮೇಲೆ ಆರು ಇಂಚು 40 ಎಂಎಂ ಜಲ್ಲಿ, ಸಂದಿಗೆ ಕ್ರಷರ್ ಪುಡಿ ತುಂಬಿ ರೋಲರ್ ಹೊಡೆಸಿ, ಮೇಲೆ 20 ಎಂಎಂ ಹಾಕಿ. ನಡೆದಾಡಲು ಎರಡು ಇಂಚು ದಪ್ಪದ ಸಾದರಹಳ್ಳಿ ಗ್ರಾನೈಟ್ ಚಪ್ಪಡಿ ಚೆನ್ನ. ನಡುವಿನಿಂದ ನಡುವಿಗೆ ಎರಡು ಅಡಿ ಇರಲಿ. ಶಹಾಬಾದ್, ಕಡಪ ಕಲ್ಲು ಹಾಕಿದರೆ ಆಸಿಡ್ ಹಾಕಿ ತೊಳೆಯಬೇಡಿ, ಸುಣ್ಣದ ಕಲ್ಲಾದ್ದರಿಂದ ಮೇಲ್ಮೈ ಕರಗುತ್ತದೆ.

ಪೂರ್ತಿ ಅಂಗಳವನ್ನು ಕಲ್ಲು ಮಾಡಬೇಡಿ. ಪಶ್ಚಿಮದ ಬಿಸಿಲು ಬೀಳುವ ಕಲ್ಲು ರಾತ್ರಿಯವರೆಗೂ ಕಿಟಕಿಗೆ ಕಾವು ಕೊಡುತ್ತದೆ. ಕಿಟಕಿಯ ಮುಂದೆ ಮೂರಡಿ ಬಿಟ್ಟು ನಂದಿಬಟ್ಟಲು, ದಾಸವಾಳ ಇಡಿ. ಬಟ್ಟೆಯನ್ನು ಒಂದಡಿ ಉದ್ದಕ್ಕೆ + ಗುರುತಿನಂತೆ ಸೀಳಿ ಗಿಡ ನೆಡಿ. ಇರುವ ಮರದ ಬುಡದಿಂದ ಒಂದೂವರೆ ಅಡಿ ಸುತ್ತ ಕಲ್ಲು ಬೇಡ.

ಬಟ್ಟೆ ಹಾಸಿದ ಮೇಲೂ ಕಳೆ ಬರುತ್ತದೆ, ಆದರೆ ಮೇಲಿನಿಂದ. ಹೊಂಗೆ, ಟಬೂಬಿಯಾ ಎಲೆ ಬಿದ್ದು ಕೊಳೆತು ಕಲ್ಲಿನ ನಡುವೆ ಮಣ್ಣಾಗುತ್ತದೆ. ಗಾಳಿ ತಂದ ಬೀಜ ಅಲ್ಲೇ ಬೇರು ಬಿಡುತ್ತದೆ. ವಾರಕ್ಕೊಮ್ಮೆ ಎಲೆ ಗುಡಿಸಿ ಅಥವಾ ಬ್ಲೋವರ್ ಹಿಡಿಯಿರಿ, ಮೊಳಕೆಯನ್ನು ಎರಡೆಲೆ ಇರುವಾಗಲೇ ಕೀಳಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಕಲ್ಲನ್ನು ಒಂದು ಬದಿಗೆ ಎಳೆದು, ಜರಡಿ ಹಿಡಿದು ತೊಳೆದು ಮತ್ತೆ ಹರಡಿ. ಕಡಿಮೆ ಬಿದ್ದ ಕಡೆ ತುಂಬಲು ಮೊದಲೇ ನಾಲ್ಕು ಚೀಲ ಎತ್ತಿಟ್ಟುಕೊಂಡಿರಿ.